ಸವೆದ 'ಬ'

ಕೀಲಿಮಣೆಯಲ್ಲಿ ಮೊದಲು ಅಳಿಸಿಹೋದದ್ದು 'ಬ'.
ಹದಿನಾಲ್ಕು ವರ್ಷ ಅವರು ಹೇಳಿದರು, ನಾನು ಕುಟ್ಟಿದೆ:
ರೈಲು ಬೇಡ. ನಾಲ್ಕು ಪಥದ ರಸ್ತೆ ಬೇಡ.
ತೋಟ ಸೀಳಿ ಹೋಗುವ ಹೈಟೆನ್ಷನ್ ತಂತಿ ಬೇಡ.
ಬೆಟ್ಟದ ನೆತ್ತಿಗೆ ಗಾಜಿನ ಸೇತುವೆ ಬೇಡವೇ ಬೇಡ.

ಪೊನ್ನೇರಂಡ ಪಳಂಗಪ್ಪ.
ಮೊದಲು ಜೇನು ಸಂಘದ ಡೈರೆಕ್ಟರು,
ಬಾಟಲಿಗೆ ಬೆಲ್ಲದ ಪಾಕ ಬೆರೆಸುತ್ತಿದ್ದವನನ್ನು
ಹಿಡಿದುಕೊಟ್ಟು ಹೆಸರಾದವರು.
ಆಮೇಲೆ ತಾಲ್ಲೂಕು ಪಂಚಾಯಿತಿ, ಆಮೇಲೆ ಒಂದು ಸೋಲು,
ನಾನೂರ ಹನ್ನೆರಡು ಮತ.
ಗೆದ್ದ ಮೇಲೂ ಫೋನಿನ ಗುಪ್ತಸಂಖ್ಯೆ ಅದೇ,
ಸೊನ್ನೆ ನಾಲ್ಕು ಒಂದು ಎರಡು.

ಯೋಚನೆ ಕೊಡವ ತಕ್ಕಿನಲ್ಲಿ, ಭಾಷಣ ಕನ್ನಡದಲ್ಲಿ;
ದಾಟುವಾಗ ಕ್ರಿಯಾಪದ ಎಲ್ಲೋ ಬಿದ್ದುಹೋಗುತ್ತಿತ್ತು.
ಹೆಕ್ಕಿ ಕೂರಿಸುವುದು ನನ್ನ ಸಂಬಳ.
'ಫಿಲೋಮಿನಾ, ಸಭಾಧ್ಯಕ್ಷರಿಗೆ ನಿದ್ದೆ ಬರದ ಹಾಗೆ ಬರಿ.'

ಕೋವಿಯ ವಿನಾಯಿತಿ ಉಳಿಯಲಿ ಎಂದು ಎಂಟು ಭಾಷಣ,
ಎಂಟರಲ್ಲೂ ಅದೇ ಮಾತು:
'ಅದು ಆಯುಧವಲ್ಲ ಸ್ವಾಮಿ, ಮನೆಯ ಹಿರಿಯ.'
ಏಳನೆಯ ಸಲ ನಾನು ತೆಗೆದುಹಾಕಿದ್ದೆ.
ನಿಂತಲ್ಲೇ ಸೇರಿಸಿಕೊಂಡರು.

ಆನೆಗೆ ಕಂದಕ ತೋಡಿ ಅಂದರು, ಸಾಲದು,
ಹಳೆಯ ಹಳಿ ತಂದು ಬೇಲಿ ಹಾಕಿ ಅಂದರು.
'ರೈಲು ಬೇಡ, ಹಳಿ ಬೇಕು!' ಎಂದು ಎದುರು ಸಾಲು ನಕ್ಕಿತು.
ಅವರೂ ನಕ್ಕರು. ಕಡತದಲ್ಲಿ 'ನಗು' ಎಂದಷ್ಟೇ ಇದೆ,
ಯಾರದೆಂದು ಇಲ್ಲ.

ಜಮ್ಮಾ ಭೂಮಿ ಒಕ್ಕದಲ್ಲೇ ಇರಬೇಕು, ಹೋಳಾಗಬಾರದು.
ಪೊನ್ನಂಪೇಟೆಯಿಂದ ಒಬ್ಬಾಕೆ ಬಂದು ನಿಂತರು,
ಕೈಯಲ್ಲಿ ಪಹಣಿ, ಮೊಣಕಾಲವರೆಗೆ ಕೆಸರು:
'ಹನ್ನೊಂದು ಹೆಸರಿದೆ ಸಾರ್, ನನ್ನದಿಲ್ಲ.
ಕಳೆ ಕಿತ್ತದ್ದು ನಾನು.'
'ಕಾನೂನು ನೋಡಬೇಕಮ್ಮ' ಅಂದರು,
ಬಾಯಿಪಾಠವಿದ್ದ ಕಾನೂನು.
ಕಾಫಿ ತಂದಿಟ್ಟೆ. ಆಕೆ ಮುಟ್ಟಲಿಲ್ಲ.

ಮತಾಂತರದ ಮಸೂದೆ ಬಂದ ಚಳಿಗಾಲ,
ಬೆಳಗಾವಿಗೆ ಹೊರಡುವ ಹಿಂದಿನ ಸಂಜೆ
ಹೇಳಿ ಬರೆಸಿದರು, ನಾಲ್ಕು ಪುಟ.
ಎರಡನೆಯ ಪುಟದ ನಡುವೆ
ಸಂತ ಅನ್ನಮ್ಮನ ಚರ್ಚಿನ ಗಂಟೆ.
ನನ್ನ ಬೆರಳು ನಿಲ್ಲಲಿಲ್ಲ. ಅವರು ನಿಲ್ಲಿಸಿದರು.
ಕೊನೆಯ ನಾದ ಕರಗುವವರೆಗೆ ಕಿಟಕಿಯಾಚೆ ನೋಡಿ,
ಬಿಟ್ಟ ವಾಕ್ಯವನ್ನು ಬಿಟ್ಟಲ್ಲಿಂದಲೇ ಹಿಡಿದರು:
'ಇಂಥವರ ಮೇಲೆ ಕಣ್ಣಿಡದೆ ಹೋದರೆ...'

'ತಪ್ಪಿದೆಯಾ?' ಕೊನೆಗೆ ಕೇಳಿದರು.
ಇದೆ, ಅಂದೆ.
ಮೂರನೆಯ ಪುಟದಲ್ಲಿ, ಒಂದು ಒತ್ತಕ್ಷರ.
ತಿದ್ದಿಕೊಟ್ಟೆ.

ಆ ಕ್ರಿಸ್‌ಮಸ್ಸಿಗೂ ಕಿತ್ತಳೆಯ ಬುಟ್ಟಿ ಬಂತು,
ಎಂದಿಗಿಂತ ದೊಡ್ಡದು.
ಬೀದಿಗೆಲ್ಲ ಹಂಚಿದೆ. ನಾನು ತಿನ್ನಲಿಲ್ಲ
ಎಂದು ಬರೆದರೆ ಪದ್ಯಕ್ಕೆ ಚೆನ್ನ.
ಎರಡು ತಿಂದೆ. ಸಿಹಿಯಿತ್ತು.

ರೈಲು ಬರಲಿಲ್ಲ. ತಂತಿ ಬಂತು.
ಗಾಜಿನ ಸೇತುವೆ ಬಂದದ್ದು ಅವರದೇ ಸರಕಾರದಲ್ಲಿ;
ಉದ್ಘಾಟನೆಯ ದಿನ ಶೂಗಳಿಗೆ ಬಟ್ಟೆಯ ಚೀಲ ಕಟ್ಟಿಕೊಂಡು
ಮಂತ್ರಿಗಳ ಹಿಂದೆ ನಡೆದರು,
ಕಾಲಡಿ ಕಾಣುತ್ತಿದ್ದ ಕಣಿವೆ ನೋಡದೆ, ನೆಟ್ಟಗೆ,
ಹೊಸ ಮದುಮಗನಂತೆ.

ಟಿಕೆಟ್ ತಪ್ಪಿಸಿದ ಪತ್ರದಲ್ಲಿ
ಎಲ್ಲೂ 'ಬೇಡ' ಇರಲಿಲ್ಲ.
'ತಮ್ಮಂಥ ಹಿರಿಯರ ಮಾರ್ಗದರ್ಶನ ಬೇಕು' ಅಂತಿತ್ತು.
ಎರಡು ಸಲ ಓದಿಸಿದರು.
'ಯಾರೋ ಚೆನ್ನಾಗಿ ಬರೆದಿದ್ದಾರೆ, ಫಿಲೋಮಿನಾ,
ನಿನಗಿಂತ.'

ಹೊಸಬರು ಬಂದರು. ಮೇಜು ಕಪಾಟುಗಳ ಜತೆ
ನನ್ನನ್ನೂ ಉಳಿಸಿಕೊಂಡರು. ಕೀಲಿಮಣೆ ಹೊಸದು,
ಎಲ್ಲ ಅಕ್ಷರ ಬೆಳ್ಳಗೆ ಹೊಳೆಯುತ್ತವೆ.

ನಿನ್ನೆ ಮತ್ತೆ ಆಕೆ ಬಂದಿದ್ದರು, ಪೊನ್ನಂಪೇಟೆಯವರು.
ಕೂದಲು ನರೆತಿದೆ, ಅರ್ಜಿ ಅದೇ.
ಕುಳ್ಳಿರಿಸಿ, ಕೇಳದೆಯೇ ಕಾಫಿ ತಂದಿಟ್ಟು,
ಪಹಣಿ ಬಿಡಿಸಿ ಬೆರಳಿಟ್ಟು ಎಣಿಸಿದೆ.
ಈಗ ಹದಿಮೂರು ಹೆಸರು.