ಬೆಳಗಿನ ಮಟ್ಟ

ಪೌಣೆ ಆರಕ್ಕ ಗುಳಿಗಿ.
ಬಿಳೀದು, ತೊಗರಿ ಬ್ಯಾಳಿಯಷ್ಟು, ಎಪ್ಪತ್ತೈದರದು.
ಅದರ ಮ್ಯಾಲೆ ಅರ್ಧ ತಾಸು ಚಾ ಇಲ್ಲ.
ಆ ಅರ್ಧ ತಾಸಿಗೆ ನನಗೊಂದು ದಾರಿ ಐತಿ:
ಮನಿಯಿಂದ ತೂಬಿನ ತನಕ, ಜಾಲಿಕಂಟಿ ಸರಿಸಿ, ಕಾಲುವಿ ಏರಿ ಮ್ಯಾಲೆ.

ತೂಬಿನ ಗ್ವಾಡಿಗೆ ಬಿಳೀ ಪಟ್ಟಿ, ಕರೀ ಅಂಕಿ.
ನೀರು ಎಲ್ಲಿ ಮುಟ್ಟೈತಿ ನೋಡೋದು, ಬರಿಯೋದು.
ಮುಂಜಾನಿ ಆರಕ್ಕೊಮ್ಮೆ, ಸಂಜಿ ಆರಕ್ಕೊಮ್ಮೆ.
ಅವರು ಹೋದ ಮ್ಯಾಲೆ ಅನುಕಂಪದಾಗ ಬಂದ ನೌಕರಿ.
ಹನ್ನೊಂದು ವರ್ಷ ಆತು
ಜವಳಗೇರಿ ಉಪಕಾಲುವಿ ನನ್ನ ಕೈಬರಹದಾಗ ಹರಿತೈತಿ.

ಹೋದ ವರ್ಷದಿಂದ ಇನ್ನೊಂದು ಹರಿಯಾಕ್ಹತ್ತೈತಿ.
ರಾತ್ರಿ ಎರಡಕ್ಕ ಎದಿ ಒಳಗಿಂದ ಎದ್ದು
ಕೊಳ್ಳು, ಕಿವಿ, ನೆತ್ತಿ.
ಕೌದಿ ಒದ್ದು ಕುಂದರ್ತೀನಿ, ಕುಪ್ಪಸ ಹಿಂಡಿದ್ರ ನೀರು.
ವಾರಗಿತ್ತಿಗೆ ಹೇಳಿದೆ. ನಕ್ಕಳು:
"ರಾಯಚೂರ ಸೀಮ್ಯಾಗ ಯಾರಿಗೆ ಉರಿ ಇಲ್ಲವಾ?"
ಖರೆ. ಆದರ ಅವತ್ತು ಎಳ್ಳಮಾಸಿ.
ನಾಯಿ ಸೈತ ಒಲಿ ಬೂದ್ಯಾಗ ಮಲಗಿತ್ತು.

ಮುಟ್ಟು ಐವತ್ತೊಂದು ದಿನಕ್ಕ ಬಂತು, ಆಮ್ಯಾಲೆ ಹದಿನೇಳಕ್ಕ,
ಆಮ್ಯಾಲೆ ಬರಲೇ ಇಲ್ಲ, ಆಮ್ಯಾಲೆ
ಆಫೀಸಿನ್ಯಾಗ, ಕುರ್ಚಿ ಮ್ಯಾಲೆ, ಇಂಜಿನಿಯರ ಸಾಹೇಬರ ಮುಂದ.
ಫೈಲು ಹಿಂದ ಹಿಡಕೊಂಡು ಹೊರಗ ಬಂದೆ.
ಹಣಿಗಿ ತುಂಬ ಕೂದಲಾ. ಎದಿ ಒಮ್ಮೊಮ್ಮೆ
ಪಂಪ್‌ಸೆಟ್ಟು ಹತ್ತಿಸಿದಂಗ.
ಥೈರಾಯ್ಡೋ, ಮುಟ್ಟು ನಿಲ್ಲೋದೋ,
ಎರಡರ ಹೆಜ್ಜಿ ಸಪ್ಪಳ ಒಂದ. ಕತ್ತಲ್ಯಾಗ ಗುರ್ತು ಸಿಗಂಗಿಲ್ಲ.

ಸಿಂಧನೂರ ಲ್ಯಾಬಿನ್ಯಾಗ ಶಾಹೀನ್ ಅಂತ ಹುಡುಗಿ.
"ಗುಳಿಗಿ ತೊಗೊಂಡೀರೇನಮ್ಮಾ ಇವತ್ತು?"
"ಇಲ್ಲವಾ, ಚೀಲದಾಗ ಐತಿ, ನೀ ರಕ್ತ ತಗದ ಮ್ಯಾಲೆ."
ನರ ಸಿಗಲಿಲ್ಲ. ಬಲಗೈ, ಎಡಗೈ, ಮತ್ತ ಬಲಗೈ.
"ಮುಟ್ಟಾಗಿ ಎಷ್ಟನೇ ದಿನ?"
ನಗು ಬಂತು ನನಗ. ಬಂದದ್ದು ಯಾವುದು, ನಿಂತದ್ದು ಯಾವುದು,
ಯಾವ ಪುಸ್ತಕದಾಗ ನೋಡಿ ಹೇಳ್ಲಿ?
ಹಳದಿ ಮುಚ್ಚಳದ ಶೀಶೆ ಮ್ಯಾಲೆ ಬರದ್ಳು: ಆದೆಮ್ಮ, ೪೬.

ಸಂಜಿಗೆ ಚೀಟಿ.
ಟಿಎಸ್‌ಎಚ್ ಎರಡು ಪಾಯಿಂಟ್ ಒಂದು.
ಎಫ್‌ಎಸ್‌ಎಚ್ ಮೂವತ್ತೆಂಟು.
ಮೂರು ತಿಂಗಳ ಹಿಂದ ಅದೇ ಅಂಕಿ ಒಂಬತ್ತಿತ್ತು.

"ಯಾವುದು ಖರೆ?" ಡಾಕ್ಟರಮ್ಮಗ ಕೇಳಿದೆ.
"ಎರಡೂ ಖರೆ. ಈ ವಯಸ್ಸಿಗೆ ಅದು ಏರ್ತದ, ಇಳೀತದ.
ಒಂದು ದಿನದ ಅಂಕಿ ಹಿಡಕೊಂಡು ಏನೂ ಹೇಳಾಕ ಬರಂಗಿಲ್ಲ.
ಥೈರಾಯ್ಡ್ ಗುಳಿಗಿ ಸರಿ ಐತಿ, ಹಂಗ ನಡೀಲಿ.
ಉಳಿದದ್ದು ಮೈ ಏನು ಹೇಳ್ತೈತಿ, ಬರದಿಡು."

ನನಗ ಹೇಳ್ತಾರ!
ಕೆಳಗಿನ ಊರವರು ಬಂದು ಏರಿ ಮ್ಯಾಲೆ ನಿಂತು
"ನಾಕಡಿ ಅಂತ ಬರದೀಯಲ್ಲ, ನೀರೆಲ್ಲಿ ಐತಿ?" ಅಂದಾಗೆಲ್ಲ
ನಾನೂ ಇದನ್ನ ಹೇಳಿಕೋತ ಬಂದೀನಿ:
ಮುಂಜಾನಿ ಆರಕ್ಕ ಇತ್ತಪಾ. ಕಂಡದ್ದಷ್ಟ ಬರದೀನಿ.
ಆರೂವರಿಗೆ ಮ್ಯಾಲೆ ಯಾರು ಗೇಟು ಇಳಿಸಿದ್ರೋ.

ಈಗ ಗೇಜ್ ಪುಸ್ತಕದ ಹಿಂದಿನ ಹಾಳಿ ನನ್ನದು.
ತಾರೀಖು. ರಾತ್ರಿ ಎಷ್ಟು ಸಲ ಎದ್ದೆ.
ಯಾರಿಗೆ ಬೈದೆ, ಸುಮ್ಮಸುಮ್ಮಕ.
ಷರಾ ಅನ್ನೋ ಕಾಲಂ ಅಗಲ ಮಾಡಿಕೊಂಡೀನಿ;
ಇಲಾಖೆದವರು ಅದನ್ನ ಎರಡು ಬೆರಳಷ್ಟ ಇಟ್ಟಿದ್ರು.

ಹೋದ ವಾರ ತಪಾಸಣಿ. ಸಾಹೇಬ್ರು ಪುಸ್ತಕ ಹಿಂದುಮುಂದು ಹಿಡದ್ರು.
"ಇದೇನಮ್ಮ, ‘ಮೂರು ಸಲ, ಪೂರಾ ತೊಯ್ದಿತ್ತು’?"
"ಸೋರಿಕಿ ಸರ್," ಅಂದೆ.
"ಎಲ್ಲಿ?"
"ಒಳಗ."
ಹಸಿರು ಮಸಿಯಾಗ ‘ಪರಿಶೀಲಿಸಲಾಗಿದೆ’ ಅಂತ ಬರದು ಸಹಿ ಮಾಡಿದ್ರು.
ಈ ವರ್ಷದಾಗ ನನ್ನ ರಾತ್ರಿಗೆ
ಸರ್ಕಾರ ಹಾಕಿದ ಸಹಿ ಅದೊಂದ.

ಇವತ್ತು ಮೂರಡಿ ಎರಡಂಗುಲ.
ಹೆಜ್ಜಿಬೆಳ್ಳಕ್ಕಿ ಒಂದು ಪಟ್ಟಿ ಪಕ್ಕ ನಿಂತು
ನನಗಿಂತ ಮೊದಲ ನೋಡಿಬಿಟ್ಟೈತಿ.
ಚಾಕ್ಕ ಇನ್ನಾ ಕಾಲು ತಾಸು.