ಟೋಪಿ ಹಾಕಿದ ಅಕ್ಷರ

ಒಂದು ಕಾಲಕ್ಕೆ ಬಿ.ಎಚ್. ರಸ್ತೆಯ ಬೋರ್ಡುಗಳಲ್ಲಿ ಅರ್ಧಕ್ಕರ್ಧ ನನ್ನವೇ.
ಲಾಡ್ಜು, ಬಟ್ಟೆಯಂಗಡಿ, ಹಲ್ಲಿನ ಡಾಕ್ಟರು.
ಕೆಳಗೆ ಮೂಲೆಯಲ್ಲಿ, ಅಕ್ಕಿಕಾಳಿನಷ್ಟು ಸಣ್ಣಗೆ,
ಹಾಲೇಶ್ ಆರ್ಟ್ಸ್.
ಫ್ಲೆಕ್ಸ್ ಬಂತು. ಒಂದೇ ವರ್ಷ ಸಾಕಾಯಿತು ಅದಕ್ಕೆ.

ಆಮೇಲೆ ತಗಡು ಕೊರೆದೆ,
ಸಾಗರ ರಸ್ತೆಯ ಗೋಡೌನಿಗೆ, ಚೀಲದ ಮೇಲೆ ಹೊಡೆಯುವ ಅಚ್ಚು.
ಅಚ್ಚಿನ ಕಷ್ಟ ಕೊರೆಯುವವನಿಗೇ ಗೊತ್ತು:
ಇಂಗ್ಲಿಷಿನ ಓ ಕೊರೆದರೆ ಹೊಟ್ಟೆ ಕಳಚಿ ಬೀಳುತ್ತದೆ,
ಎಲ್ಲೋ ಒಂದು ಕಡೆ ಕಡ್ಡಿಯಷ್ಟು ತಗಡು ಬಿಟ್ಟು
ಹಿಡಿದು ನಿಲ್ಲಿಸಬೇಕು.
ನಾನು ಬಲಗಡೆ ಬಿಡುತ್ತೇನೆ, ತುಸು ಮೇಲೆ.
ಬೇರೆ ಯಾರೂ ಹಾಗೆ ಬಿಡುವುದಿಲ್ಲ.

ಲಾರಿ ಬರುತ್ತಿದ್ದದ್ದು ರಾತ್ರಿ, ಮಂಗಳೂರಿನ ಕಡೆಯಿಂದ.
ಚೌಡಪ್ಪ ಇಳಿಸುತ್ತಿದ್ದ. ಫಿಲೋಮಿನಾ ಹೊಲಿಗೆ ಬಿಚ್ಚುತ್ತಿದ್ದಳು.
ಚೀಲದ ಮೇಲೆ ಆಗಲೇ ಏನೋ ಬರೆದಿರುತ್ತಿತ್ತು,
ನೋಡಿದರೆ ಇಂಗ್ಲಿಷು, ಓದಲು ಹೋದರೆ ಅಲ್ಲ:
ಒಂದರ ತಲೆಗೆ ಟೋಪಿ,
ಒಂದರ ಪಾದದಡಿ ಚುಕ್ಕೆ,
ಇನ್ನೊಂದಕ್ಕೆ ಹಮಾಲನ ನಡುಪಟ್ಟಿಯ ಹಾಗೆ ಅಡ್ಡಗೀಟು.

ಯಾವೂರ ಮೆಣಸು ಅಂತ ಕೇಳಿದೆ.
ಮೇಸ್ತ್ರಿ ದಯಾಕರ ನಕ್ಕ:
"ನದೀಮೂಲ, ಋಷಿಮೂಲ ಕೇಳಬಾರದು ಹಾಲೇಶಣ್ಣ.
ಈಗ ಮೆಣಸಿಂದೂ ಸೇರಿಸ್ಕೋ."
ಮೂಲ ಅಂದರೆ ಕೂತಲ್ಲಿ ನೋಯುವ ಕಾಯಿಲೆ
ಅಂತಷ್ಟೇ ತಿಳಿದವನು ನಾನು. ಸುಮ್ಮನಾದೆ.

ಹಿಂದಿನ ಕೋಣೆಯಲ್ಲಿ ಎರಡು ಡ್ರಮ್ಮು ಪಪ್ಪಾಯಿ ಬೀಜ,
ಪೇಟೆಯ ಜ್ಯೂಸ್ ಅಂಗಡಿಗಳಿಂದ ತಂದು ಒಣಗಿಸಿದ್ದು.
ಎಣ್ಣೆ ಸವರಿದರೆ, ಆಹಾ, ಮೆಣಸಿಗಿಂತ ಚಂದ ಹೊಳೆಯುತ್ತಿತ್ತು.
ಹತ್ತಕ್ಕೆ ಒಂದು ಸೇರು.
ಬೀಜ ಬೆರೆಸಲು ಮನಸ್ಸಿದ್ದ ಸಾಹುಕಾರರಿಗೆ
ಹೊಸ ಚೀಲ ಕೊಳ್ಳಲು ಮನಸ್ಸು ಬರಲಿಲ್ಲ.
ಹಳೆಯ ಬರಹಕ್ಕೆ ಕರಿ ಬಳಿ, ಕೆಳಗೆ ಅಚ್ಚು ಹೊಡಿ:
ಮಲ್ನಾಡ್ ಪೆಪ್ಪರ್. ಪ್ರಾಡಕ್ಟ್ ಆಫ್ ಇಂಡಿಯಾ.
ಚೀಲಕ್ಕೆ ಎರಡೂವರೆ ರೂಪಾಯಿ.

ಬಳಿಯುವ ಮುಂಚೆ ಒಮ್ಮೆ ಬೆರಳಾಡಿಸುತ್ತಿದ್ದೆ.
ಅದು ಅಚ್ಚಿನದಲ್ಲ, ಕೈಯದ್ದು.
ಟೋಪಿಯ ತುದಿಯಲ್ಲಿ ಬ್ರಷ್ ಎತ್ತಿದ ಗುರುತು,
ಬಣ್ಣ ತೀರಿ ಮತ್ತೆ ಅದ್ದಿಕೊಂಡ ಜಾಗ.
ಎಷ್ಟು ಸಮುದ್ರದಾಚೆಯೋ, ಚೀಲಕ್ಕೆ ಎಷ್ಟು ಕೊಟ್ಟಿದ್ದರೋ ಅವನಿಗೆ.
ಅವನ ಊರಿಗಿನ್ನೂ ಫ್ಲೆಕ್ಸ್ ಬಂದಿರಲಿಲ್ಲವೇನೋ.
ಬಳಿದೆ. ಒಂದಲ್ಲ ಎರಡಲ್ಲ, ಎಂಟುನೂರು ಚೀಲ.

ರಾಟರ್‌ಡ್ಯಾಮಿನಿಂದ ಮಾಲು ವಾಪಸಾದಾಗ
ಸಾಹುಕಾರರ ಫೋನು ಆಫ್, ಕಂಪನಿಯ ಹೆಸರಿನಲ್ಲಿ ಕಂಪನಿಯಿಲ್ಲ,
ಬಿಲ್ಲಿನಲ್ಲಿದ್ದ ಸಹಿ ಎಂದೋ ತೀರಿಹೋದವರದ್ದು.
ಚೀಲವೊಂದನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು
ಆಫೀಸರು ಮೇದಿನಿ ನನ್ನ ಶೆಡ್ಡಿಗೇ ಬಂದರು.
ಚಿಕ್ಕ ವಯಸ್ಸು, ಬಿಸಿಲಿಗೆ ಕೆಂಪಾದ ಮುಖ.
ನನ್ನದೇ ಲೋಟದಲ್ಲಿ ನೀರು ಕೇಳಿದರು, ಬಾಯಾರಿಕೆಯೆಂದುಕೊಂಡೆ.
ಅದಕ್ಕೊಂದು ಹಿಡಿ ಕಾಳು ಹಾಕಿದರು.
ಮುಳುಗಿದ್ದು ಮುಳುಗಿತು.
ಉಳಿದದ್ದನ್ನು ಇಬ್ಬರೂ ಸುಮ್ಮನೆ ನೋಡಿದೆವು.

ಆಮೇಲೆ ಚೀಲ ಬಿಡಿಸಿ, ಓ ಅಕ್ಷರದ ಮೇಲೆ ಬೆರಳಿಟ್ಟು,
"ಇದು ನಿಮ್ಮ ಕೈಯಾ?" ಅಂದರು.
ಹನ್ನೊಂದು ವರ್ಷ ಆಗಿತ್ತು ಯಾರಾದರೂ ಹಾಗೆ ಕೇಳಿ.
ಹೌದು ಮೇಡಂ ನಂದೇ, ಅಂದುಬಿಟ್ಟೆ,
ಎದೆಯುಬ್ಬಿಸಿ.
ಹೆದರಿಕೆ ಬಂದದ್ದು ಆಮೇಲೆ, ಬೆವರಿನ ಜೊತೆ.

"ಈ ಕರಿಯ ಕೆಳಗೆ ಏನಿತ್ತು?"
ಓದೋಕೆ ಬರಲ್ಲ ಮೇಡಂ.
ಅವರು ಪೆನ್ನು ಮುಚ್ಚಲು ಹೋದರು.

ಬರೆಯೋಕೆ ಬರುತ್ತೆ, ಅಂದೆ.

ಹೇಳಿಕೆಯ ಹಾಳೆ ನನ್ನ ಕಡೆಗೆ ತಿರುಗಿಸಿಕೊಂಡು
ನಿಧಾನ, ಒಂದೊಂದೇ,
ಅಡ್ಡಗೀಟು, ಚುಕ್ಕೆ, ಟೋಪಿ,
ಅವನು ಬ್ರಷ್ ಎತ್ತಿದಲ್ಲಿ ನಾನೂ ಎತ್ತಿ,
ಅವನು ಬಣ್ಣ ಅದ್ದಿದಲ್ಲಿ ನಾನೂ ತುಸು ತಡೆದು.