ಮೇಲಿನಂತೆ

ಐಸ್ ಫ್ಯಾಕ್ಟರಿ ಮಾರಾಟವಾಯಿತು.
ಯಂತ್ರ, ಅಚ್ಚು, ಅಮೋನಿಯಾ ಪೈಪು, ಎಲ್ಲವೂ
ಲಾರಿಯಲ್ಲಿ ಗುಜರಾತಿನ ವೆರಾವಲ್‌ಗೆ.
ಸಾಮಾನಿನ ಪಟ್ಟಿಯ ಕೊನೆಗೆ ಧಣಿಗಳ ಮಗ
ಪೆನ್ಸಿಲಿನಲ್ಲಿ ಬರೆದಿದ್ದಾರೆ:
ವಾರಿಜಕ್ಕ (ಬಂದರೆ).

ಇಪ್ಪತ್ತೆರಡು ವರ್ಷ ಮಲ್ಪೆಯ ಧಕ್ಕೆಯಲ್ಲಿ
ಕರಗುವುದರ ಲೆಕ್ಕ ಬರೆದವಳು ನಾನು.
ಮುಂಜಾನೆ ನಾಲ್ಕಕ್ಕೆ ಯಾವ ಬೋಟಿಗೆ ಎಷ್ಟು ಗಡ್ಡೆ,
ಯಾರದ್ದು ‘ನಾಳೆ ಕೊಡುವ’ ಬಾಕಿ,
ಯಾರದ್ದು ಕೊಡುವುದೇ ಇಲ್ಲದ ಬಾಕಿ.
ಹಲಗೆಯಿಂದ ಜಾರಿ ಬೋಟು ಮುಟ್ಟುವುದರೊಳಗೆ
ಗಡ್ಡೆಯ ತೂಕ ಎಷ್ಟು ಇಳಿಯುತ್ತದೆಂದು
ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.
ವೆರಾವಲ್ ಮುಟ್ಟುವಾಗ ನಾನೆಷ್ಟು ಉಳಿದೇನು?
ಅದಕ್ಕೆ ಕೋಷ್ಟಕವಿಲ್ಲ.

ರಾಜ್ಯ ಬಿಡುವುದು ಅಂದರೇನು,
ಅದೇ ನನಗೆ ಸರಿಯಾಗಿ ಗೊತ್ತಿಲ್ಲ.
ದೊಡ್ಡಕ್ಕನನ್ನು ಕೊಟ್ಟದ್ದು ಮಂಜೇಶ್ವರಕ್ಕೆ.
ತಲಪಾಡಿ ದಾಟಿದರೆ ಬೋರ್ಡಿನ ಅಕ್ಷರ ಬೇರೆ,
ಡೀಸೆಲಿನ ರೇಟು ಬೇರೆ.
ಅಕ್ಕನ ಪುಳಿಮುಂಚಿ ಅದೇ, ಬೈಗುಳವೂ ಅದೇ.
ತುಳುವನ್ನು ಯಾವ ಚೆಕ್‌ಪೋಸ್ಟಿನವನೂ
ಕೈ ಅಡ್ಡ ಹಿಡಿದು ನಿಲ್ಲಿಸಿದ್ದಿಲ್ಲ.

ಕನ್ನಡ ನನಗೆ ಸಿಕ್ಕಿದ್ದು ಶಾಲೆಯಲ್ಲಿ,
ಬಡಾನಿಡಿಯೂರಿನಲ್ಲಿ, ಲೀಲಾವತಿ ಟೀಚರ ಕೋಲಿನ ತುದಿಯಿಂದ.
ಅಮ್ಮನ ಹತ್ತಿರ ಒಂದು ದಿನವೂ ಆಡದ ಭಾಷೆ.
ಆದರೂ ಏಳೆಂಟ್ಲ ಐವತ್ತಾರು ಆಗುವುದು
ಇವತ್ತಿಗೂ ಕನ್ನಡದಲ್ಲೇ.
ಅಳು ಬಂದರೆ ತುಳು, ಕೂಡಿಸಬೇಕಾದರೆ ಕನ್ನಡ.
ಅಲ್ಲಿ ಹೋದ ಮೇಲೆ
ಎರಡರಲ್ಲಿ ಮೊದಲು ತಪ್ಪುವುದು ಯಾವುದು?

ಸುಕಾಂತನನ್ನು ಕೇಳಿದೆ. ಒಡಿಶಾದವನು,
ಗಡ್ಡೆ ಎಳೆಯುವ ಕೊಕ್ಕೆ ಅವನಿಗೆ ಆರನೇ ಬೆರಳು.
‘ಊರು ಬಿಡುವಾಗ ಎಷ್ಟು ದಿನ ಯೋಚನೆ ಮಾಡಿದ್ದೆ ಮಾರಾಯ?’
‘ಯೋಚನೆ ಎಲ್ಲಿ ಅಕ್ಕ,
ಭಾವನ ಹತ್ತಿರ ಒಂದು ಟಿಕೆಟ್ ಹೆಚ್ಚಿಗೆ ಇತ್ತು.’
ಮತ್ತೆ ಕೊಕ್ಕೆಯಿಂದ ಒದ್ದೆ ನೆಲ ಗೀರುತ್ತಾ
‘ಯೋಚನೆ ಮಾಡುವುದು ಈಗ’ ಅಂದ.
ಮಗಳ ಹತ್ತಿರ ಫೋನಿನಲ್ಲಿ ಮಾತಾಡುವಾಗ
ಹೌದು ಅನ್ನಬೇಕಾದಲ್ಲಿ ಬಾಯಿಗೆ ‘ಅಂದ್’ ಬರುತ್ತದಂತೆ.
ಅವಳು ಆ ಕಡೆಯಿಂದ ನಗುತ್ತಾಳಂತೆ.
ಅವನೂ ನಗುತ್ತಾನಂತೆ, ಸ್ವಲ್ಪ ತಡವಾಗಿ.

ಮೀನು ಮಾರುವ ಬೇಬಿಯಕ್ಕನದ್ದು ಒಂದೇ ಮಾತು:
‘ಹೋಗು. ಅಲ್ಲಿ ಮೀನು ತಿನ್ನುವವರೇ ಕಡಿಮೆಯಂತೆ,
ಒಳ್ಳೊಳ್ಳೆಯ ಅಂಜಲ್ ನಿನಗೇ ಉಳಿಯುತ್ತದೆ.’

ಹೋಗಲು ಕಾರಣ ಗಟ್ಟಿಯಾದದ್ದೇ ಇದೆ.
ನಲವತ್ತಾರು ದಾಟಿದವಳಿಗೆ ಈ ಧಕ್ಕೆಯಲ್ಲಿ
ಇನ್ನೊಬ್ಬರು ಕುರ್ಚಿ ಎಳೆದು ಕೊಡುವುದಿಲ್ಲ.
ಇರಲು ಕಾರಣ ಕೇಳಿದರೆ
ಹೇಳಲು ನಾಚಿಕೆಯಾಗುವಷ್ಟು ಸಣ್ಣದು:
ಸಂಜೆ ದ್ವೀಪದಿಂದ ಕೊನೆಯ ಬೋಟು ಮರಳುವಾಗ
ನನ್ನ ಮೇಜಿನ ಬದಿಯ ಕಿಟಕಿಗಾಜು ನಡುಗುತ್ತದೆ.
ಆಗ ಕನ್ನಡಕ ತೆಗೆದಿಟ್ಟು ಏಳುತ್ತೇನೆ.
ಗಡಿಯಾರ ನೋಡಿ ಎದ್ದ ನೆನಪಿಲ್ಲ.

ಫಾರ್ಮು ಬಂದಿದೆ. ಸೋಮವಾರದೊಳಗೆ ಕಳುಹಿಸಬೇಕು.
ಮೊದಲು ಖಾಯಂ ವಿಳಾಸ, ಅದರ ಕೆಳಗೆ ಸದ್ಯದ ವಿಳಾಸ.
ರೇಷನ್ ಕಾರ್ಡಿನಿಂದ ಬ್ಯಾಂಕಿನವರೆಗೆ
ಕೆಳಗಿನ ಸಾಲಿಗೆ ಇಷ್ಟು ವರ್ಷ ಬರೆದದ್ದು ಒಂದೇ:
ಮೇಲಿನಂತೆ.
ಬರೆಯುವಾಗ ಕೈ ನೋಡುತ್ತಲೂ ಇರಲಿಲ್ಲ.
ಈಗ ಮೇಲಿನ ಸಾಲು ತುಂಬಿದೆ, ಮನೆ ನಂಬ್ರ, ಕೊಳ, ಮಲ್ಪೆ.
ಕೆಳಗೆ ಊರಿದ ಪೆನ್ನಿನ ಬುಡದಲ್ಲಿ
ಶಾಯಿಯ ಚುಕ್ಕೆಯೊಂದು ಸುಮ್ಮನೆ ದೊಡ್ಡದಾಗುತ್ತಿದೆ.

ಹೊರಗೆ ಕಡೆಯ ಸರದಿಯ ಗಡ್ಡೆ ಇಳಿಸಿ
‘ಮೂವತ್ತೆಂಟು ಅಕ್ಕ, ಬರಕೊಳ್ಳಿ’ ಅಂತ ಸುಕಾಂತ ಕೂಗುತ್ತಾನೆ.
ನಾನು ಎದ್ದು ಹೋಗುತ್ತೇನೆ,
ಸೀರೆ ಸ್ವಲ್ಪ ಎತ್ತಿಕೊಂಡು
ತಣ್ಣಗಿನ ನೀರಲ್ಲಿ ನಿಂತು, ಒಂದೊಂದೇ ಮುಟ್ಟಿ
ಎಣಿಸುತ್ತೇನೆ.

ಮೂವತ್ತೇಳು.